ಸೂರತ್ತಿನಲ್ಲಿ ಒಲೆ ದೊಡ್ಡದಾದದ್ದು

ಹೊರಡುವ ಮುಂಚೆ

ನನ್ನ ಅಮ್ಮನ ಪಾಲಿಗೆ ಕಾರವಾರ ದಾಟಿದರೆ ಪರದೇಶ. ಮದುವೆಯಾಗಿ ಅಪ್ಪನ ಜೊತೆ ಗುಜರಾತಿಗೆ ಹೊರಟಾಗ ಉಡುಪಿಯ ನಮ್ಮ ಓಣಿಯ ಮನೆಮನೆಗೂ ಹೋಗಿ "ಪರದೇಶಕ್ಕೆ ಹೋಗಿ ಬರ್ತೇನೆ" ಎಂದು ಹೇಳಿ, ಒಂದೊಂದು ಮನೆಯಲ್ಲೂ ಒಂದಿಷ್ಟು ಅತ್ತು ಬಂದಿದ್ದಳಂತೆ. ಆ ಪರದೇಶದಲ್ಲೇ ನಾನು ಹುಟ್ಟಿದೆ. ವಡೋದರಾ ಪಕ್ಕದ ಕೊಯಾಲಿಯಲ್ಲಿ ಅಪ್ಪ ಪೆಟ್ರೋಲು, ಡೀಸೆಲ್ಲು ಮಾಡುವ ಕಾರ್ಖಾನೆಯ ನೌಕರ. ಹೈಸ್ಕೂಲು ಮುಗಿಯುವ ತನಕ ಅಲ್ಲಿನ ಕಾಲೊನಿಯಲ್ಲಿ ಬೆಳೆದೆ. ಕಾಲೇಜಿಗೆಂದು ಉಡುಪಿಗೆ ಕಳಿಸಿದರು. ಅಲ್ಲೇ ಕನ್ನಡ ಟೀಚರಾದೆ, ಅಲ್ಲೇ ನಿವೃತ್ತಳೂ ಆದೆ.

ಈ ಸಲ ಹೊರಟದ್ದು ಊರು ನೋಡಲಿಕ್ಕಲ್ಲ, ವಾಸು ಮಾವನನ್ನು ಕರೆತರಲಿಕ್ಕೆ. ವಾಸು ಮಾವ ಅಮ್ಮನ ಕೊನೆಯ ತಮ್ಮ. ಅಕ್ಕನ ಬೆನ್ನು ಹಿಡಿದು ಗುಜರಾತಿಗೆ ಬಂದು, ಸೂರತ್ತಿನ ಜವಳಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ದೋಸೆ ಹೋಟೆಲು ಇಟ್ಟವರು. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಮಗಳು ಚೇತನಾ ಮತ್ತು ಆ ಒಲೆ. ಹೋದ ವೈಶಾಖದ ಸೆಕೆಯಲ್ಲಿ ಕಾವಲಿಯ ಮುಂದೆಯೇ ಕುಸಿದು ಬಿದ್ದರು. ಇನ್ನು ಬೆಂಕಿಯ ಎದುರು ನಿಲ್ಲಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಚೇತನಾಳ ಕೆಲಸವೇ ಜನರ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ಲು ಕೂರಿಸುವುದು. ಹೋಟೆಲಿನ ತಾರಸಿಗೂ ಕೂರಿಸಿದಳು. ಅಡುಗೆಮನೆಗೆ ಕರೆಂಟಿನ ಕಾವಲಿ ತರಿಸಿದಳು. ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದ ಮೇಲೆ ಗ್ಯಾಸಿನ ಪೈಪು ತೆಗೆಸುವುದೆಂದು ದಿನವನ್ನೂ ಗೊತ್ತುಮಾಡಿದಳು. ಮಾವ ಒಂದೇ ಮಾತು ಹೇಳಿದರು: "ಒಲೆ ದೊಡ್ಡದಾದ ದಿನ ನಾನು ಊರಿಗೆ."

ಇಲ್ಲಿ ಟೀಚರು ಸ್ವಲ್ಪ ಬಾಯಿ ಹಾಕಬೇಕು. ಒಲೆ ದೊಡ್ಡದಾಗುವುದೆಂದರೆ ಆರುವುದು. ನಮ್ಮ ಮನೆಯಲ್ಲಿ 'ದೀಪ ಆರಿಸು' ಎನ್ನುವ ಹಾಗಿರಲಿಲ್ಲ, ಅದು ಅಪಶಕುನ. 'ದೀಪ ದೊಡ್ಡದು ಮಾಡು' ಎನ್ನಬೇಕು. ಹಾಗೆಯೇ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎನ್ನುತ್ತಾರೆ. ನನ್ನ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿಕೊಟ್ಟಾಗಲೆಲ್ಲ ಅವರು ನಕ್ಕಿದ್ದೇ ನಕ್ಕಿದ್ದು.

ಚೇತನಾ ಫೋನಿನಲ್ಲಿ ನಗಲಿಲ್ಲ. ಅವಳ ಕನ್ನಡ ಅಷ್ಟಕ್ಕಷ್ಟೆ. "ಅಕ್ಕ, ಪಪ್ಪ ಬೆಂಕಿ ಮುಂದೆ ನಿಂತ್ರೆ ಪಪ್ಪನೇ ಇರಲ್ಲ. ಬೆಂಕಿ ತೆಗೆದ್ರೆ ಊರಿಗೆ ಹೋಗ್ತಾರೆ. ಹುಂ ಶುಂ ಕರೂಂ? ನಾನು ಏನು ಮಾಡ್ಲಿ?" ಎಂದಳು. ವಾಪಸಿನ ಟಿಕೆಟು ನನಗೂ ಮಾವನಿಗೂ ಸೇರಿಸಿ ಅವಳೇ ಮಾಡಿಸಿದಳು. ಮಾಡಿಸುವಾಗ ಅವಳು ಅಳುವುದು ನನಗೆ ಕೇಳುತ್ತಿತ್ತು.

ನನ್ನ ಮನಸ್ಸು ಮಾತ್ರ ಎರಡು ಕಡೆ ಎಳೆಯುತ್ತಿತ್ತು. ನನ್ನ ಮನೆಯಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದಿದೆ. ಮಾವ ಬಂದರೆ ಅಮ್ಮನ ಬಗ್ಗೆ ಮಾತಾಡಲು ಒಬ್ಬರಾದರೂ ಸಿಗುತ್ತಾರೆ ಎಂಬ ಆಸೆ ನನಗಿತ್ತು. ಮಗಳ ಅಳು ಕೇಳಿಯೂ ಆ ಆಸೆ ಪೂರ್ತಿ ಹೋಗಲಿಲ್ಲ.

ಅಹಮದಾಬಾದ್

ಹೋಗುವಾಗಲೇ ದಾರಿಯಲ್ಲಿ ಸೂರತ್ ಸಿಕ್ಕಿತು. ಇಳಿಯಲಿಲ್ಲ. ಮಾವನ ಒಲೆಗೆ ಇನ್ನೂ ಕೆಲವು ದಿನದ ಆಯುಸ್ಸಿತ್ತು. ಅಷ್ಟರಲ್ಲಿ ಹಳೆಯ ಗೆಳತಿ ರಂಜನ್‌ಳನ್ನೂ ಕೊಯಾಲಿಯನ್ನೂ ನೋಡಿ ಬರುವುದೆಂದು ಮುಂದೆ ಹೋದೆ. ರಂಜನ್ ಕಾಲೊನಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ. ಈಗ ಮೊಮ್ಮಕ್ಕಳ ಅಜ್ಜಿ. ಆದರೂ ಪ್ಲಾಟ್‌ಫಾರಂನಲ್ಲಿ ನನ್ನನ್ನು ಕಂಡವಳೇ ಶಾಲೆಯ ಅಡ್ಡಹೆಸರು ಹಿಡಿದು ಕೂಗಿದಳು. ಆ ಹೆಸರನ್ನು ಇಲ್ಲಿ ಬರೆಯಲಾರೆ.

ನಾನು ಮೂಗಿನಿಂದ ಊರು ಗುರುತಿಸುವವಳು. ನನ್ನ ನೆನಪಿನ ಅಹಮದಾಬಾದ್ ಎಂದರೆ ರಿಕ್ಷಾದ ಹೊಗೆ. ಅಪ್ಪ ಆ ಹೊಗೆ ಮೂಸಿ "ಇದರಲ್ಲಿ ಚಿಮಿಣಿ ಎಣ್ಣೆ ಬೆರೆಸಿದ್ದಾನೆ" ಎನ್ನುತ್ತಿದ್ದರು. ಸೀಮೆಎಣ್ಣೆಗೆ ನಮ್ಮ ಕಡೆ ಚಿಮಿಣಿ ಎಣ್ಣೆ ಎನ್ನುವುದು. ಸ್ಟೇಷನ್ನಿನ ಹೊರಗೆ ಬಂದು ಮೂಗರಳಿಸಿ ನಿಂತೆ. ಧೂಳು, ಹುರಿದ ಮೆಣಸಿನಕಾಯಿ, ಎಲ್ಲಿಯದೋ ಅಗರಬತ್ತಿ, ಅಷ್ಟೆ. ಹಾಗೆ ನಿಂತಿದ್ದವಳ ಸೊಂಟದ ಹತ್ತಿರಕ್ಕೆ ಒಂದು ರಿಕ್ಷಾ ಬಂದು ಗಕ್ಕನೆ ನಿಂತಿತು. ಬ್ಯಾಟರಿಯದು. ಸದ್ದಿಲ್ಲ, ಸುಳಿವಿಲ್ಲ. ನಾನು ಹೌಹಾರಿ ಚೀಲ ಕೆಡವಿದೆ. ಚಾಲಕ ತಲೆ ಹೊರಹಾಕಿ "ಮಾಸೀ, ಜೋಯೀನೇ ಚಾಲೋ" ಎಂದು ಗದರಿದ. ನೋಡಿಕೊಂಡು ನಡೆಯಬೇಕಂತೆ. ಇಷ್ಟು ವರ್ಷ ರಸ್ತೆಯಲ್ಲಿ ನಾನು ಕಿವಿಯಿಂದಲೇ ನಡೆದದ್ದು ಎಂದು ಅವನಿಗೆ ಹೇಗೆ ಹೇಳುವುದು? ಗದರಿದವನೇ ಇಳಿದು ಬಂದು ಚೀಲ ಎತ್ತಿಕೊಟ್ಟ, ನಮ್ಮನ್ನು ಮನೆಗೂ ಮುಟ್ಟಿಸಿದ.

ರಂಜನ್ ಮನೆಯಲ್ಲಿ ಮೊದಲು ತೋರಿಸಿದ್ದು ತಾರಸಿ. ಅಹಮದಾಬಾದಿನವರಿಗೆ ತಾರಸಿಯೆಂದರೆ ಪ್ರಾಣ. ಉತ್ತರಾಯಣದಲ್ಲಿ ಊರಿಗೆ ಊರೇ ಅಲ್ಲಿ ಹತ್ತಿ ಕೂತು ಗಾಳಿಪಟ ಬಿಡುತ್ತದೆ. ಅಂಥ ತಾರಸಿಯಲ್ಲಿ ಈಗ ಪ್ಯಾನೆಲ್ಲು. ಆದರೆ ಹಾಕಲು ಬಂದವರ ಜೊತೆ ರಂಜನ್ ಜಗಳವಾಡಿ ಗಾಳಿಪಟಕ್ಕೆ ಒಂದು ಮೂಲೆ ಬಿಡಿಸಿಕೊಂಡಿದ್ದಾಳೆ. ಉಳಿದದ್ದನ್ನು ಎತ್ತರದ ಕಂಬಗಳ ಮೇಲೆ ಚಪ್ಪರದ ಹಾಗೆ ಕೂರಿಸಿದ್ದಾರೆ. ಮೇಲೆ ಕರೆಂಟು, ಕೆಳಗೆ ನೆರಳು, ನೆರಳಿನಾಚೆ ಬಿಸಿಲಲ್ಲಿ ಒಣಹಾಕಿದ ಹಪ್ಪಳ. ಹಬ್ಬ ಮುಗಿದು ಕೆಲವೇ ದಿನವಾಗಿತ್ತು. ಪ್ಯಾನೆಲ್ಲಿನ ಮೂಲೆಮೂಲೆಗೂ ಗಾಜಿನ ಪುಡಿ ಹಚ್ಚಿದ ಗಾಳಿಪಟದ ದಾರ ಸುತ್ತಿಕೊಂಡಿತ್ತು. ರಂಜನ್ ಕೋಲು ಹಿಡಿದು ಅದನ್ನು ಬಿಡಿಸುತ್ತ, ಇನ್ನೊಂದು ಕೈಯಲ್ಲಿ ಮೊಬೈಲು ನೋಡಿ, ಇವತ್ತು ಎಷ್ಟು ಕರೆಂಟು ಬಂತು ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಕೂಗಿ ಹೇಳುತ್ತಿದ್ದಳು. ಮೋಡ ಬಂದರೆ ಅವಳ ಮುಖವೂ ಬಾಡುತ್ತದೆ.

"ಸೂರಜ್‌ದಾದಾ ಕೊಡುತ್ತಾನೆ, ನಾವು ತೆಗೆದುಕೊಳ್ಳುತ್ತೇವೆ," ಎಂದಳು ಗುಜರಾತಿಯಲ್ಲಿ. ಇವರಿಗೆ ಸೂರ್ಯ ಅಜ್ಜ. "ನಮ್ಮ ಉಡುಪಿಯ ಕಡೆ ಆ ಅಜ್ಜ ಮಳೆಗಾಲದಲ್ಲಿ ರಜೆ ಹಾಕುತ್ತಾನೆ, ಸೀರೆಯೇ ಒಣಗುವುದಿಲ್ಲ," ಎಂದೆ. ಅವಳು ಬಸಿಗೆ ಚಹಾ ಸುರಿದು ಸೊರ್ರೆಂದು ಕುಡಿದಳು. ಅವಳ ಅಮ್ಮ ಕಾಂತಾಮಾಸಿ ಕುಡಿಯುತ್ತಿದ್ದದ್ದೂ ಹೀಗೆಯೇ, ಇದೇ ಸದ್ದು. ನನಗೆ ಒಮ್ಮೆಗೇ ಕೊಯಾಲಿಗೆ ಹೋಗಬೇಕು ಅನ್ನಿಸಿಬಿಟ್ಟಿತು.

ಕೊಯಾಲಿ

ಮರುದಿನ ಇಬ್ಬರೂ ವಡೋದರಾಕ್ಕೆ ಹೋದೆವು. ಕಾಲೊನಿಯ ಗೇಟಿನಲ್ಲಿ ಒಳಗೆ ಬಿಡಲಿಲ್ಲ. "ನಾವು ಇಲ್ಲೇ ಹುಟ್ಟಿದವರು" ಎಂದು ರಂಜನ್ ಕಾವಲುಗಾರನಿಗೆ ಹೇಳಿದಳು. ಇಲ್ಲಿ ಹುಟ್ಟಿದವರು ತುಂಬ ಜನ ಬರುತ್ತಾರೆ ಎಂದು ಅವನು ವಿನಯದಿಂದಲೇ ಹೇಳಿ, ಎರಡು ಕುರ್ಚಿ ಹಾಕಿಸಿ ನೀರು ಕೊಟ್ಟ. ಕಾಂಪೌಂಡಿನ ಮೇಲಿಂದ ಬೇವಿನ ಮರದ ತುದಿಗಳು ಕಂಡವು. ಅದರಲ್ಲಿ ನಮ್ಮದು ಯಾವುದೆಂದು ಇಬ್ಬರೂ ಹೊಡೆದಾಡಿದೆವು.

ನಮ್ಮ ಮನೆಯ ಹಿತ್ತಲಲ್ಲಿ ಎರಡು ಹಗ್ಗ ಇದ್ದವು. ಒಂದು ಎಲ್ಲರ ಬಟ್ಟೆಗೆ, ಇನ್ನೊಂದು ಅಪ್ಪನ ಅಂಗಿಗೆ ಮಾತ್ರ. ಎಷ್ಟು ಒಗೆದರೂ ಆ ಅಂಗಿಯ ಪೆಟ್ರೋಲಿನ ವಾಸನೆ ಹೋಗುತ್ತಿರಲಿಲ್ಲ. ಅಮ್ಮ ಮೂಗು ಮುರಿಯುತ್ತಿದ್ದಳು. ನಾನು ಕದ್ದು ಹೋಗಿ ಆ ಹಗ್ಗದ ಕೆಳಗೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಇವತ್ತಿಗೂ ಪೆಟ್ರೋಲ್ ಬಂಕಿನಲ್ಲಿ ನಿಂತರೆ ನನಗೆ ಅಪ್ಪ ಹಿಂದಿನಿಂದ ಬಂದು ನಿಂತ ಹಾಗಾಗುತ್ತದೆ.

ಕಾರ್ಖಾನೆಯ ಎತ್ತರದ ಚಿಮಣಿಯ ತುದಿಯಲ್ಲಿ ಸದಾ ಒಂದು ಜ್ವಾಲೆ ಇರುತ್ತಿತ್ತು. ಹೆಚ್ಚಾದ ಗ್ಯಾಸನ್ನು ಅಲ್ಲಿ ಸುಡುವುದು. ಅಮ್ಮ ಅದನ್ನು ದೀಪ ಎಂದೇ ಕರೆಯುತ್ತಿದ್ದಳು. ಸಂಜೆ ದೇವರಿಗೆ ದೀಪ ಹಚ್ಚಿ, ಆಮೇಲೆ ಹೊರಗೆ ಬಂದು ಅದಕ್ಕೂ ಒಂದು ಕೈ ಮುಗಿಯುತ್ತಿದ್ದಳು. ಕಾಲೊನಿಯ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯವೆಂದರೆ, ಆ ಜ್ವಾಲೆ ಸಣ್ಣಗಿದ್ದರೆ ಎಲ್ಲ ಸರಿ ಇದೆ, ದೊಡ್ಡದಾಗಿ ಎದ್ದರೆ ಒಳಗೆ ಏನೋ ಎಡವಟ್ಟಾಗಿದೆ ಎಂದು.

ಒಂದು ಸಲ ದುರಸ್ತಿಗೆಂದು ಕಾರ್ಖಾನೆಯನ್ನು ಪೂರ್ತಿ ನಿಲ್ಲಿಸಿದರು. ಜ್ವಾಲೆಯೂ ಆರಿತು. ಅಮ್ಮನಿಗೆ ತಳಮಳ. ಯಾರಿಗಾದರೂ ಹೇಳಬೇಕು, ಆದರೆ 'ಆರಿತು' ಎನ್ನುವ ಹಾಗಿಲ್ಲ. ತನಗೆ ಬರುತ್ತಿದ್ದ ಹರಕು ಗುಜರಾತಿಯಲ್ಲಿ ಬೇಲಿಯ ಆಚೆಗಿದ್ದ ಕಾಂತಾಮಾಸಿಗೆ "ದೀವೋ ಮೋಟೋ ಥೈ ಗಯೋ" ಎಂದಳು. ದೀಪ ದೊಡ್ಡದಾಯಿತು.

ಕಾಂತಾಮಾಸಿಯ ಕೈಯಲ್ಲಿದ್ದ, ಹಿಟ್ಟು ಕಲಸುವ ಅಗಲದ ಪರಾತ ನೆಲಕ್ಕೆ ಬಿತ್ತು. "ಕ್ಯಾಂ? ಕ್ಯಾಂ?", ಎಲ್ಲಿ, ಎಲ್ಲಿ ಎಂದು ಕಿರುಚುತ್ತ ಒಂದು ಕಂಕುಳಲ್ಲಿ ರಂಜನ್‌ಳನ್ನೂ ಇನ್ನೊಂದು ಕೈಯಲ್ಲಿ ನನ್ನನ್ನೂ ಎಳೆದುಕೊಂಡು ರಸ್ತೆಗೆ ಓಡಿದಳು. ಅವಳನ್ನು ಕಂಡು ಇಡೀ ಸಾಲಿನ ಮನೆಗಳು ಖಾಲಿ. ಎಲ್ಲರೂ ಆಕಾಶ ನೋಡುತ್ತಾರೆ, ದೊಡ್ಡ ಜ್ವಾಲೆ ಹಾಗಿರಲಿ, ಸಣ್ಣದೂ ಇಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಅಮ್ಮ ಕೊನೆಗೆ ಕೈಸನ್ನೆ ಮಾಡಿ ಅರ್ಥ ಬಿಡಿಸಿದಳು. ಬೈಗುಳ ಬೀಳುತ್ತದೆ ಎಂದು ನಾನು ಕಾದಿದ್ದೆ. ಆದರೆ ಕಾಂತಾಮಾಸಿ ರಸ್ತೆಯಲ್ಲೇ ಕುಕ್ಕರಿಸಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗುಜರಾತಿಯಲ್ಲೂ ಅಂಗಡಿ ಮುಚ್ಚಿದೆ ಎನ್ನುವುದಿಲ್ಲವಂತೆ, 'ವಧಾವೀ' ಎನ್ನುತ್ತಾರಂತೆ, ಹೆಚ್ಚಿಸಿದೆ ಎಂಬ ಹಾಗೆ. "ನಾವು ಅಂಗಡಿ ಹೆಚ್ಚಿಸುತ್ತೇವೆ, ನೀವು ದೀಪ ದೊಡ್ಡದು ಮಾಡುತ್ತೀರಿ. ಬೆನ್, ನಾವು ಒಂದೇ ಜಾತಿಯ ಹೆದರುಪುಕ್ಕಲಿಯರು," ಎಂದಳು. ಅಂದಿನಿಂದ ಅವರಿಬ್ಬರ ಸ್ನೇಹ ಗಟ್ಟಿಯಾಯಿತು.

ರಂಜನ್ ಇದನ್ನೆಲ್ಲ ತನ್ನ ಅಮ್ಮನ ಧ್ವನಿಯಲ್ಲೇ ಅಭಿನಯಿಸಿ ತೋರಿಸಿದಳು. ಕಾವಲುಗಾರನೂ ನಕ್ಕ. ಆಮೇಲೆ ನಾನು ಚಿಮಣಿ ಹುಡುಕಿದೆ. ಸಿಕ್ಕಿತು, ಆದರೆ ಜ್ವಾಲೆ ಕಾಣಲಿಲ್ಲ. "ಇದೆ, ಇದೆ. ಬಿಸಿಲಿಗೆ ಕಾಣುವುದಿಲ್ಲ, ಗಾಳಿ ನಡುಗುತ್ತದಲ್ಲ, ಅಲ್ಲಿ ನೋಡಿ," ಎಂದ ಅವನು. ಮೊದಲಿನ ಹಾಗೆ ಈಗ ಗ್ಯಾಸನ್ನು ಸುಮ್ಮನೆ ಸುಡುವುದಿಲ್ಲ, ಹಿಡಿದಿಟ್ಟು ಬಳಸುತ್ತಾರೆ, ಜ್ವಾಲೆ ತೀರ ಸಣ್ಣದು ಎಂದೂ ಹೇಳಿದ. ಒಳ್ಳೆಯದೇ. ಅಮ್ಮನಿಗೆ ಇದು ಇಷ್ಟವಾಗುತ್ತಿರಲಿಲ್ಲ.

ಕಾಲುವೆಯ ದಾರಿ

ವಾಪಸು ಬರುವಾಗ ಕಾಲುವೆಯ ಮೇಲೆ ಉದ್ದಕ್ಕೂ ಪ್ಯಾನೆಲ್ಲು ಹೊದಿಸಿದ್ದನ್ನು ರಂಜನ್ ತೋರಿಸಿದಳು. ಕೆಳಗೆ ನೀರು ಹರಿಯುತ್ತದೆ, ಮೇಲೆ ಕರೆಂಟು ಹುಟ್ಟುತ್ತದೆ, ನೀರೂ ಆವಿಯಾಗುವುದು ತಪ್ಪುತ್ತದೆ. ಯೋಚಿಸಿದವರ ತಲೆಗೆ ಒಂದು ನಮಸ್ಕಾರ. ಹುಡುಗರಿಬ್ಬರು ಅದರ ನೆರಳಲ್ಲಿ ಕೂತು ಬೋರೆಹಣ್ಣು ತಿನ್ನುತ್ತಿದ್ದರು.

ಆದರೂ ನನಗೊಂದು ಕಸಿವಿಸಿ. ಅಪ್ಪ ಜೀವಮಾನವೆಲ್ಲ ದುಡಿದ ಕೆಲಸವನ್ನು ಈಗಿನ ಜನ ಪಾಪದ ಕೆಲಸವೆಂಬಂತೆ ಮಾತಾಡುತ್ತಾರೆ. ಟಿವಿಯಲ್ಲಿ ಚಿಮಣಿ ತೋರಿಸಿ ಹಿಂದೆ ಶೋಕದ ಸಂಗೀತ ಹಾಕುತ್ತಾರೆ. ಈ ಹೊಗೆಯಿಂದ ಭೂಮಿ ಕಾಯುತ್ತಿದೆ ಎಂದು ಅವರು ಹೇಳುವುದು ಸುಳ್ಳಲ್ಲ, ನನಗೆ ಗೊತ್ತು. ಸೂರತ್ತಿನ ಸೆಕೆಯಲ್ಲಿ ಮಾವ ಕುಸಿದದ್ದೂ ಸುಳ್ಳಲ್ಲ. ಆದರೆ ಆ ಪೆಟ್ರೋಲಿನ ಅಂಗಿಯೇ ನಮ್ಮನ್ನು ಓದಿಸಿದ್ದು, ಮಾವನ ಹೋಟೆಲಿಗೆ ಮೊದಲ ಪಾತ್ರೆ ಕೊಡಿಸಿದ್ದು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ರಂಜನ್‌ಳನ್ನು ಕೇಳಿದೆ. "ನಿನ್ನ ಅಪ್ಪ? ಪ್ಯಾನೆಲ್ಲಿನ ನಟ್ಟು ಬೋಲ್ಟು ಗಟ್ಟಿ ಇದೆಯೋ ನೋಡುತ್ತಿದ್ದರು," ಎಂದಳು ಅವಳು. ಅದು ನಿಜ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ವಡೋದರಾ ಸ್ಟೇಷನ್ನಿನಲ್ಲಿ ಅವಳು ನನ್ನನ್ನು ಸೂರತ್ತಿನ ರೈಲು ಹತ್ತಿಸಿದಳು. ನಾನು ಅಭ್ಯಾಸದಂತೆ ಕನ್ನಡದಲ್ಲಿ "ಬರ್ತೇನೆ" ಎಂದೆ. ಅವಳು "ಆವ್‌ಜೋ" ಎಂದಳು. ಬನ್ನಿ ಎಂದು ಅದರ ಅರ್ಥ. ಬೀಳ್ಕೊಡುವಾಗ ಗುಜರಾತಿಗಳು ಹೇಳುವುದು ಅದನ್ನೇ.

ಸೂರತ್, ಸಂಜೆ

ಮಾವನ ಹೋಟೆಲಿಗೆ ಹೋದಾಗ ಮೊದಲು ಕಂಡದ್ದು ಕ್ಯಾಶ್ ಟೇಬಲ್ಲಿನ ಪಕ್ಕದಲ್ಲಿ ಕಟ್ಟಿಟ್ಟ ಟ್ರಂಕು. ಎಲ್ಲರಿಗೂ ಕಾಣಲಿ ಎಂದೇ ಅಲ್ಲಿ ಇಟ್ಟದ್ದು. ಗಿರಾಕಿಗಳು ಅದನ್ನು ಸುತ್ತಿ ಬಳಸಿ ಹೋಗುತ್ತಿದ್ದರು.

"ಬಂದ್ಯಾ? ಎಂತ ಮಾರಾಯ್ತಿ, ಸೂರತ್ ದಾಟಿ ಹೋಗಿ ಹಿಂದೆ ಬರುದಾ?" ಎಂದರು ಮಾವ. ತೆಳ್ಳಗಾಗಿದ್ದರು. ಆದರೆ ಕಾವಲಿಯ ಮುಂದೆ ನಿಂತರೆ ಅದೇ ಹಳೆಯ ಗತ್ತು. ಹಿಡಿಸೂಡಿಯಿಂದ ಕಾವಲಿ ಗುಡಿಸಿ, ನೀರು ಚಿಮುಕಿಸಿ, ಬಗ್ಗಿ ಜ್ವಾಲೆಯ ಬಣ್ಣ ನೋಡಿ, ಆಮೇಲೆ ಹಿಟ್ಟು ಹುಯ್ಯುವುದು. ಒಂದು ಕುರ್ಚಿಯನ್ನು ಚೇತನಾ ಅವರ ಹಿಂದೆಯೇ ಇಟ್ಟಿದ್ದಳು. ಅವರು ಕೂರುತ್ತಿರಲಿಲ್ಲ. ಅವಳು ಕುರ್ಚಿಯನ್ನು ಇನ್ನಷ್ಟು ಮುಂದೆ ತಳ್ಳುತ್ತಿದ್ದಳು.

ಚೇತನಾ ಎತ್ತರದ, ಬೇಗಬೇಗ ಮಾತಾಡುವ ಹೆಂಗಸು. ಸೂರತ್ತಿನವರಿಗೆಲ್ಲ ಚೇತನಾಬೆನ್. ಅಪ್ಪನ ಜೊತೆ ಜಗಳಕ್ಕೆ ಮಾತ್ರ ಕನ್ನಡ, ಅದೂ ಅರ್ಧಕ್ಕೆ ನಿಂತು ಗುಜರಾತಿಗೆ ತಿರುಗುತ್ತದೆ. ಹೊಸ ಕಾವಲಿ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು, ಮಾತಾಡಿಸದ ನೆಂಟರ ಹಾಗೆ.

ಗಿರಾಕಿ ಕಡಿಮೆಯಾದಾಗ ಮಾವ ನನ್ನೆದುರು ಕೂತರು. "ಈ ಬೆಂಕಿ ಯಾರು ಹಚ್ಚಿದ್ದು ಗೊತ್ತುಂಟಾ ನಿಂಗೆ?"

"ಅಮ್ಮ ಅಲ್ವಾ?"

"ಹೌದು. ನಿನ್ನ ಅಮ್ಮನೇ. ಕೊಯಾಲಿಯಿಂದ ಬಂದು ಇದ್ದಿಲ ಒಲೆಗೆ ಅವಳೇ ಕೈಯಾರೆ ಹಚ್ಚಿದ್ದು. ಇದ್ದಿಲು ಹೋಗಿ ಚಿಮಿಣಿ ಎಣ್ಣೆಯ ಪಂಪಿನ ಒಲೆ ಬಂತು. ಹಳೇ ಒಲೆಯಿಂದ ದೀಪಕ್ಕೆ ಹಚ್ಚಿಕೊಂಡು ಹೊಸದಕ್ಕೆ ದಾಟಿಸಿದೆ. ಆಮೇಲೆ ಸಿಲಿಂಡರ್ ಬಂತು, ಅದಕ್ಕೂ ದಾಟಿಸಿದೆ. ಆಮೇಲೆ ಇಲ್ಲೇ ಹಜೀರಾ ಬಂದರಿನ ಕಡೆಯಿಂದ ಪೈಪಿನ ಗ್ಯಾಸು, ಅದಕ್ಕೂ. ದಿನಾ ಹೋಟ್ಲು ಮುಚ್ಚುವಾಗ ಒಲೆಯಿಂದ ದೇವರ ದೀಪಕ್ಕೆ, ಬೆಳಿಗ್ಗೆ ದೀಪದಿಂದ ಒಲೆಗೆ. ಒಮ್ಮೆಯೂ ಬೆಂಕಿಪೆಟ್ಟಿಗೆ ಮುಟ್ಲಿಲ್ಲ ನಾನು."

ಅಮ್ಮ ಹಚ್ಚಿದ ಬೆಂಕಿ ಇನ್ನೂ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎದ್ದು ಹೋಗಿ ಒಲೆಯ ನೀಲಿ ಜ್ವಾಲೆಯನ್ನು ನೋಡುತ್ತ ನಿಂತೆ.

"ನಾನು ಹೊಸತು ಬೇಡ ಅಂತ ಹೇಳ್ಲಿಲ್ಲ," ಮಾವನ ಧ್ವನಿ ತಗ್ಗಿತು. "ಮೂರು ಸಲ ಒಲೆ ಬದಲಿಸಿದವ ನಾನು. ಆದ್ರೆ ಈ ಕರೆಂಟಿನ ಕಾವಲಿಗೆ ಬಾಯೇ ಇಲ್ಲ ಮಾರಾಯ್ತಿ. ಒಂದು ಕಲ್ಲಿನ ಹಾಗೆ ಉಂಟು. ಬೆಂಕಿ ಎಲ್ಲಿಗೆ ದಾಟಿಸುದು?"

"ಪಪ್ಪ, ದೇವರ ದೀಪ ಇರಲಿ ಅಲ್ಲ? ಅದು ತೆಗಿ ಅಂತ ನಾನು ಹೇಳಿಲ್ಲ," ಎಂದಳು ಚೇತನಾ.

"ದೀಪ ಇರುದು ಒಲೆಗೆ ಹೋಗ್ಲಿಕ್ಕೆ. ಒಲೆಯೇ ಇಲ್ಲದ ಮೇಲೆ ಅದೂ ಸುಮ್ಮನೆ ಕೂತದ್ದು, ನಾನೂ ಸುಮ್ಮನೆ ಕೂತದ್ದು."

ಆಮೇಲೆ ಮಾವನೇ ಮಾತು ಬದಲಿಸಲು, ರಾತ್ರಿ ಸೂರ್ಯ ಇಲ್ಲದಾಗ ಇದು ಹೇಗೆ ನಡೆಯುತ್ತದೆ ಎಂದು ಕೇಳಿದರು. ಹಗಲು ಹೆಚ್ಚಾದ ಕರೆಂಟನ್ನು ಊರಿನ ಲೈನಿಗೆ ಕೊಡುವುದು, ರಾತ್ರಿ ಅಲ್ಲಿಂದ ವಾಪಸು ತೆಗೆದುಕೊಳ್ಳುವುದು ಎಂದು ಅವಳು ವಿವರಿಸಿದಳು. "ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೊಟ್ಟು, ಬೇಕಾದಾಗ ನಾವೂ ತಂದ ಹಾಗೆ," ಎಂದರು ಮಾವ. ಅರ್ಥವಾಗಿತ್ತು ಅವರಿಗೆ. ಮನಸ್ಸಿಗೆ ಮಾತ್ರ ಒಗ್ಗಿರಲಿಲ್ಲ.

ಸೂರತ್, ಬೆಳಿಗ್ಗೆ

ಆ ದಿನ ಗ್ಯಾಸಿನ ಒಲೆಯಲ್ಲಿ ಕೊನೆಯ ದೋಸೆ ತಿನ್ನಲು ಮಾರ್ಕೆಟ್ಟಿನ ವ್ಯಾಪಾರಿಗಳು ಬಂದಿದ್ದರು. ಸೂರತ್ತಿನವರಿಗೆ ಸಾಂಬಾರು ಸಿಹಿ ಇರಬೇಕು. ಮಾವ ಮೊದಮೊದಲು ಒಪ್ಪಿರಲಿಲ್ಲವಂತೆ, ಕೊನೆಗೆ ಬೆಲ್ಲದ ಮಟ್ಟಿಗೆ ರಾಜಿಯಾದರಂತೆ. ಅವರೆಲ್ಲ ಟ್ರಂಕನ್ನು ನೋಡುತ್ತ ತಿಂದರು. "ವಾಸುಭಾಯಿ ಹೋದರೆ ನಾವು ಎಲ್ಲಿ ತಿನ್ನುವುದು?" ಎಂದು ಒಬ್ಬರು ನನ್ನನ್ನು ಕೇಳಿದರು, ನಾನೇ ಕದ್ದುಕೊಂಡು ಹೋಗಲು ಬಂದವಳು ಎಂಬಂತೆ. ಒಂದು ಲೆಕ್ಕದಲ್ಲಿ ಅದು ನಿಜವೂ ಆಗಿತ್ತು.

ಗ್ಯಾಸಿನವರು ಬರುವ ಹೊತ್ತಾಯಿತು. ಮಾವ ಕೊನೆಯ ದೋಸೆ ಹುಯ್ದರು. ಅದರ ಅಂಚು ಕೆಂಪಾಗುವುದನ್ನೇ ನೋಡುತ್ತ, ತಲೆ ಎತ್ತದೆ, ಮಗಳಿಗೆ ಹೇಳಿದರು: "ದೊಡ್ಡದು ಮಾಡು."

ಚೇತನಾ ಹೋಗಿ ಒಲೆಯ ಗುಂಡಿಯನ್ನು ಪೂರ್ತಿ ತಿರುಗಿಸಿದಳು.

ಜ್ವಾಲೆ ಬುಸ್ಸೆಂದು ಕಾವಲಿಯ ಸುತ್ತ ಎದ್ದಿತು. ದೋಸೆ ಕ್ಷಣದಲ್ಲಿ ಕಪ್ಪಾಯಿತು. ಮಾವ ಹಿಂದಕ್ಕೆ ಹಾರಿದವರು ಇಷ್ಟು ದಿನ ಕೂರದಿದ್ದ ಕುರ್ಚಿಯಲ್ಲಿ ಧೊಪ್ಪೆಂದು ಕೂತರು. "ಎಂತ ಮಾಡಿದ್ದು ಮಾರಾಯ್ತಿ ನೀನು!"

"ನೀವೇ ಹೇಳಿದ್ದು! ದೊಡ್ಡದು ಮಾಡು, ದೊಡ್ಡದು ಮಾಡು! ಮಾಡಿದೆ!" ಚೇತನಾಳ ಕಣ್ಣಲ್ಲಿ ನೀರು.

ನನಗೆ ತಡೆಯಲಾಗಲಿಲ್ಲ. ರಸ್ತೆಯಲ್ಲಿ ಕುಕ್ಕರಿಸಿದ ಕಾಂತಾಮಾಸಿಯ ಹಾಗೆಯೇ ನಕ್ಕುಬಿಟ್ಟೆ. ಗುಂಡಿಯನ್ನು ತಗ್ಗಿಸಿ, ಆ ಮಾತಿನ ಅರ್ಥ ಹೇಳಿದೆ. ಕೊಯಾಲಿಯ ಕಥೆಯನ್ನೂ ಹೇಳಿದೆ. ಚೇತನಾ ಬಾಯಿ ತೆರೆದುಕೊಂಡು ಕೇಳಿದಳು. "ಅಂದ್ರೆ ಆಫ್ ಮಾಡುದಕ್ಕೆ ದೊಡ್ಡದು ಮಾಡು ಅಂತಾರಾ? ಇಷ್ಟು ವರ್ಷ ನನಗೆ ಯಾರೂ ಹೇಳಿಲ್ಲ! ಒಲೆ ದೊಡ್ಡದಾದ ದಿನ ಊರಿಗೆ ಅಂದ್ರೆ ದೊಡ್ಡ ಒಲೆ ತಂದ ದಿನ ಅಂತ ತಿಳಿದಿದ್ದೆ." ಮಾವ ಅಕ್ಕನ ಹೆಸರು ಹೇಳಿಕೊಂಡು ಕುರ್ಚಿಯಲ್ಲೇ ನಗುತ್ತಿದ್ದರು. ನಗು ನಿಂತಾಗ ಕಣ್ಣೊರೆಸಿಕೊಂಡರು.

ಆಮೇಲೆ ಎದ್ದು ದೇವರ ಗೂಡಿನಿಂದ ಸಣ್ಣ ಹಿತ್ತಾಳೆಯ ದೀಪ ತೆಗೆದು, ಎಂದಿನಂತೆ ಒಲೆಯಿಂದ ಬತ್ತಿಗೆ ಹಚ್ಚಿಕೊಂಡರು. ಗುಂಡಿಯನ್ನು ತಾವೇ ತಿರುಗಿಸಿದರು. ಒಲೆ ದೊಡ್ಡದಾಯಿತು. ಅಡುಗೆಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಹೊರಗೆ ಸೀರೆಯ ಗಂಟು ಹೊತ್ತವರು ಕೂಗುವುದು ಕೇಳಿಸಿತು. ದೀಪ ಹಿಡಿದುಕೊಂಡು ಮಾವ ಹೊಸ ಕಾವಲಿಯ ಎದುರು ನಿಂತರು. ಬಗ್ಗಿ ನೋಡಿದರು. ಸುತ್ತ ಬಂದು ನೋಡಿದರು.

ಚೇತನಾ ಹತ್ತಿರ ಹೋದಳು. "ಪಪ್ಪ, ಇದರ ಬೆಂಕಿ ಇಲ್ಲಿ ಇಲ್ಲ. ಮೇಲೆ ಇದೆ. ಬನ್ನಿ."

ಮೂವರೂ ಮೆಟ್ಟಿಲು ಹತ್ತಿದೆವು. ಮಾವ ಅಂಗೈಯನ್ನು ಜ್ವಾಲೆಗೆ ಅಡ್ಡ ಹಿಡಿದು, ನಿಂತು ನಿಂತು ಹತ್ತಿದರು. ತಾರಸಿಯಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲು. ಪ್ಯಾನೆಲ್ಲಿನ ಮೂಲೆಯಲ್ಲಿ ಯಾರದೋ ಹರಿದ ಕೆಂಪು ಗಾಳಿಪಟ ಸಿಕ್ಕಿಹಾಕಿಕೊಂಡು ಪಟಪಟ ಬಡಿದುಕೊಳ್ಳುತ್ತಿತ್ತು. ಮಾವ ಪ್ಯಾನೆಲ್ಲನ್ನು ನೋಡಿದರು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಆಮೇಲೆ ದೀಪವನ್ನು ಪ್ಯಾನೆಲ್ಲಿನ ಬುಡದಲ್ಲಿ ಇಟ್ಟು ಹಿಂದೆ ಸರಿದರು.

ಕೈ ತೆಗೆದದ್ದೇ ತಡ, ದೀಪದ ಕುಡಿ ಕಾಣಲಿಲ್ಲ. ಬಿಸಿಲಿಗೆ ಕಾಣಲಿಲ್ಲವೋ, ಗಾಳಿಗೆ ಹೋಯಿತೋ, ಹೇಳಲಾರೆ. ನಾನೂ ಬಗ್ಗಿ ನೋಡಿದೆ. ನನಗೂ ಕಾಣಲಿಲ್ಲ. ಅಮ್ಮ ಹಚ್ಚಿದ ಬೆಂಕಿ ಅದು.

"ಉಂಟಾ? ಹೋಯ್ತಾ?" ಎಂದರು ಮಾವ. ಜೀವಮಾನದಲ್ಲಿ ದೀಪಕ್ಕೆ ಆ ಮಾತು ಆಡದ ಮನುಷ್ಯ, ಗಾಬರಿಯಲ್ಲಿ ಆಡಿಬಿಟ್ಟರು.

ಚೇತನಾ ಅವರ ತೋಳು ಹಿಡಿದುಕೊಂಡಳು. "ಇಲ್ಲ ಪಪ್ಪ," ಎಂದಳು. "ದೊಡ್ಡದಾಯ್ತು."

ಮಾವ ಮಗಳ ಮುಖ ನೋಡಿದರು. ಆಮೇಲೆ ಮತ್ತೆ ಆಕಾಶ ನೋಡಿದರು. ಕೊನೆಗೆ ಅವರು ಸೂರ್ಯನಿಗೆ ಒಂದು ಕೈ ಮುಗಿದರು, ಸಂಜೆ ಹಿತ್ತಲಲ್ಲಿ ನಿಂತು ಅಮ್ಮ ಕಾರ್ಖಾನೆಯ ದೀಪಕ್ಕೆ ಮುಗಿಯುತ್ತಿದ್ದ ಹಾಗೆಯೇ. ಗಾಳಿಪಟವನ್ನು ಕಿತ್ತು ತೆಗೆದು "ಇದೆಲ್ಲ ಇಲ್ಲಿ ಬಿದ್ರೆ ಕರೆಂಟು ಬರ್ತದಾ? ದಿನಾ ಗುಡಿಸ್ಬೇಕು," ಎಂದು ಗೊಣಗಿದರು. ದೀಪವನ್ನು ಅಲ್ಲೇ ಬಿಟ್ಟು ಕೆಳಗಿಳಿದರು.

ಅಡುಗೆಮನೆಯಲ್ಲಿ ಕರೆಂಟಿನ ಕಾವಲಿಗೆ ನೀರು ಚಿಮುಕಿಸಿದಾಗ ಅದು ಚುಂಯ್ ಎಂದಿತು. "ಸದ್ದಾದ್ರೂ ಮಾಡ್ತದೆ," ಎಂದರು ಮಾವ. ಬಣ್ಣ ನೋಡಲು ಬಗ್ಗಿದರು. ನೋಡಲು ಏನೂ ಇರಲಿಲ್ಲ. ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತರು, ಕೂತೇ ಹಿಟ್ಟು ಹುಯ್ದರು. ಮೊದಲ ದೋಸೆ ಹಸಿಹಸಿ, ಎರಡನೆಯದು ಸೀದುಹೋಯಿತು. ಆ ಕಾವಲಿಗೂ ಮಾಡಿದವರಿಗೂ ಅದನ್ನು ತಂದವಳಿಗೂ ಸೇರಿಸಿ ಬೈದರು. ಮೂರನೆಯದರ ಅಂಚು ಎದ್ದಿತು. ಒಂದು ಚೂರು ಮುರಿದು ನನ್ನ ಬಾಯಿಗಿಟ್ಟರು. ಅಮ್ಮನ ಕೈಯ ದೋಸೆಯೂ ಹೀಗೆಯೇ ಅಂಚಲ್ಲಿ ಗರಿಗರಿಯಾಗಿ ನಡುವೆ ಮೆತ್ತಗೆ ಇರುತ್ತಿತ್ತು. ಉಡುಪಿಯ ನನ್ನ ಖಾಲಿ ಕೋಣೆ ಖಾಲಿಯೇ ಇರುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಬೇಜಾರಾಯಿತು, ನಿಜ ಹೇಳುತ್ತೇನೆ. ಆದರೂ ಇನ್ನೊಂದು ದೋಸೆ ಕೇಳಿ ತಿಂದೆ.

ಚೇತನಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಟ್ರಂಕಿನ ಕಡೆ ಒಮ್ಮೆ ನೋಡಿದಳು. ಮೊಬೈಲು ತೆಗೆದು, ಏನೋ ಹುಡುಕಿ, ಸ್ವಲ್ಪ ಹೆದರುತ್ತಲೇ ಕೇಳಿದಳು:

"ಪಪ್ಪ, ನಿಮ್ಮ ಟಿಕೆಟು ದೊಡ್ಡದು ಮಾಡ್ಲಾ?"

ಮಾವ ತಲೆ ಎತ್ತಲಿಲ್ಲ. ಸಟ್ಟುಗವನ್ನು ದೋಸೆಯ ಅಡಿಗೆ ತೂರಿಸಿ, ಮಗುಚಿ ಹಾಕಿದರು.

"ಮಾಡು," ಎಂದರು.